ಭಯಾನಕ ಕಥೆಯಲ್ಲಿ ಸ್ಥಳದ ಅಧಿಕಾರ

ಭರತನ ನಾಟ್ಯಶಾಸ್ತ್ರವು ಆರನೆಯ ಅಧ್ಯಾಯದಲ್ಲಿ ಭಯಾನಕರಸದ ವಿಭಾವಗಳನ್ನು ಎಣಿಸುವಾಗ ವಿಕೃತವಾದ ಧ್ವನಿ, ಭೂತದರ್ಶನ, ನರಿ ಗೂಬೆಗಳ ಕೂಗು, ಶೂನ್ಯವಾದ ಮನೆ, ಅರಣ್ಯಪ್ರವೇಶ ಇವೇ ಮೊದಲಾದುವನ್ನು ಹೇಳುತ್ತದೆ. ಅನಂತರದ ಆಲಂಕಾರಿಕರು ಈ ಸಾಮಗ್ರಿಯನ್ನು ಎರಡಾಗಿ ವಿಂಗಡಿಸಿದರು. ಯಾವುದನ್ನು ಕಂಡು ಹೆದರುವೆವೋ ಅದು ಆಲಂಬನ; ಆ ಹೆದರಿಕೆಯನ್ನು ಕೆರಳಿಸಿ ಬೆಳೆಸುವ ಇರುಳು, ಏಕಾಂತ, ಕಾಡು, ಕೂಗು ಇವೆಲ್ಲ ಉದ್ದೀಪನ. ಹುಲಿ ಆಲಂಬನವಾದರೆ ಹುಲಿಯ ಹಿಂದಿರುವ ಕಾಡು ಉದ್ದೀಪನ. ಈ ವಿಂಗಡಣೆಯಲ್ಲಿ ಸ್ಥಳಕ್ಕೆ ದೊರೆತದ್ದು ಎರಡನೆಯ ಮಣೆ. ನಮ್ಮ ಚಂಪೂಕಾವ್ಯಗಳ ಅಷ್ಟಾದಶವರ್ಣನೆಗಳಲ್ಲಿಯಂತೂ ಅನೇಕ ಕಡೆ ಆ ಮಣೆಯೂ ತಪ್ಪಿ, ಸ್ಥಳವು ಕೇವಲ ಆಭರಣವಾಯಿತು. ಸಮುದ್ರವರ್ಣನೆಯನ್ನೋ ಪರ್ವತವರ್ಣನೆಯನ್ನೋ ಕಿತ್ತು ಹಾಕಿದರೆ ಕಾವ್ಯದ ಭಾರ ಕಡಮೆಯಾಗುವುದೇ ಹೊರತು ಕಥೆಯ ಒಂದು ಎಳೆಯೂ ಕಡಿಯುವುದಿಲ್ಲ. ಇದಕ್ಕೆ ಅಪವಾದಗಳಿಲ್ಲದೆ ಇಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆದು ಹೋಗುವ ರಣಭೂಮಿಯೂ ಅವನು ಅಡಗುವ ವೈಶಂಪಾಯನ ಸರೋವರವೂ ವರ್ಣನೆಗಾಗಿ ಬಂದುವಲ್ಲ. ಆ ನೆಲವನ್ನು ತುಳಿಯದೆ, ಆ ನೀರಿಗೆ ಇಳಿಯದೆ, ಅವನ ಅಭಿಮಾನವೂ ಅಳಲೂ ನಮಗೆ ಗೊತ್ತಾಗುತ್ತಿರಲಿಲ್ಲ.

ಸ್ಥಳವು ಉದ್ದೀಪನದ ಮಟ್ಟದಿಂದ ಮೇಲೆದ್ದು ತಾನೇ ಆಲಂಬನವಾಗಬಲ್ಲುದೆ, ಎಂದರೆ ಮನುಷ್ಯನಿಗಿಂತಲೂ ಮೃಗಕ್ಕಿಂತಲೂ ಮಿಗಿಲಾಗಿ ನೆಲವೇ ಭೀತಿಯ ವಿಷಯವಾಗಬಲ್ಲುದೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವವರು, ಪಂಡಿತರು ಸಾಮಾನ್ಯವಾಗಿ ಕೈಯಲ್ಲಿ ಹಿಡಿಯಲು ಸಂಕೋಚಪಡುವ ಒಂದು ಪುಸ್ತಕವನ್ನು ನೋಡಬೇಕು. ಅದು ಆರ್ಥರ್ ಕೋನನ್ ಡಾಯ್ಲನ ‘ದಿ ಹೌಂಡ್ ಆಫ್ ದಿ ಬ್ಯಾಸ್ಕರ್‌ವಿಲ್ಸ್’. ಪತ್ತೇದಾರಿ ಕಥೆಯೆಂದರೆ ಹೊತ್ತು ಕಳೆಯುವ ಸಾಧನವೆಂದು ಮೂಗು ಮುರಿಯುವವರಿಗೂ ಈ ಒಂದು ಗ್ರಂಥದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಲು ಕಾರಣವುಂಟು.

ಈ ಕಥೆಯ ಹುಟ್ಟೇ ಸ್ಥಳದಿಂದಾದದ್ದು. ಡಾಯ್ಲನು ೧೮೯೩ರ ಡಿಸೆಂಬರಿನಲ್ಲಿ ಪ್ರಕಟವಾದ ಕಥೆಯೊಂದರಲ್ಲಿ ತನ್ನ ನಾಯಕನಾದ ಷೆರ್ಲಾಕ್ ಹೋಮ್ಸನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಕೊಂದು ಕೈ ತೊಳೆದುಕೊಂಡಿದ್ದನು. ೧೯೦೧ರಲ್ಲಿ ಅವನ ಸ್ನೇಹಿತನಾದ ಬರ್ಟ್ರಂ ಫ್ಲೆಚರ್ ರಾಬಿನ್‌ಸನ್ನನು ದೆವ್ವದ ನಾಯಿಯೊಂದರ ಐತಿಹ್ಯವನ್ನು ಹೇಳಿದನು. ಇಬ್ಬರೂ ಡೆವನ್ ಸೀಮೆಯ ಡಾರ್ಟ್‌ಮೂರಿಗೆ ಹೋಗಿ, ಪ್ರಿನ್ಸ್‌ಟೌನ್ ಎಂಬ ಊರಿನಲ್ಲಿ ಇಳಿದುಕೊಂಡು ಆ ಪ್ರದೇಶವನ್ನು ಕಾಲ್ನಡೆಯಲ್ಲಿ ಸುತ್ತಿದರು. ಕಥೆಯು ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ೧೯೦೧ರ ಆಗಸ್ಟಿನಿಂದ ೧೯೦೨ರ ಏಪ್ರಿಲಿನವರೆಗೆ ಬಂದು, ೧೯೦೨ರಲ್ಲಿಯೇ ಪುಸ್ತಕವಾಯಿತು. ಸತ್ತ ನಾಯಕನನ್ನು ಡಾಯ್ಲನು ಇನ್ನೂ ಬದುಕಿಸಿರಲಿಲ್ಲ. ಇದು ಅವನ ಸಾವಿಗೆ ಮುಂಚೆ ನಡೆದ ಸಂಗತಿಯೆಂದು ಹೇಳಿ ಕಥೆಯನ್ನು ನಡೆಸಿದನು.

ಡಾರ್ಟ್‌ಮೂರ್ ಎಂಬುದು ಗ್ರಾನೈಟ್ ಕಲ್ಲಿನ ಎತ್ತರದ ನೆಲ. ಆ ದೇಶದವರು ‘ಮೂರ್’ ಎಂದು ಕರೆಯುವ ಮರವಿಲ್ಲದ ಬೀಳುಭೂಮಿ ಅಲ್ಲಿ ಮೈಲಿಗಟ್ಟಲೆ ಹರಡಿದೆ; ನಡುನಡುವೆ ದಿಣ್ಣೆಗಳ ನೆತ್ತಿಯಲ್ಲಿ ‘ಟಾರ್’ ಎಂಬ ಬಂಡೆಗಳ ಗುಪ್ಪೆಗಳು ನಿಂತಿವೆ. ಮಳೆ ಹೆಚ್ಚು, ಕೆಳಗಿನ ಕಲ್ಲು ನೀರನ್ನು ಸುಲಭವಾಗಿ ಹೀರಿಕೊಳ್ಳದು, ಆದುದರಿಂದ ಕೊಳೆತ ಸಸ್ಯರಾಶಿ ಶತಮಾನಗಳಿಂದ ತಗ್ಗುಗಳಲ್ಲಿ ಕೂಡಿಕೊಂಡು, ಮೇಲೆ ಹಸುರಾಗಿ ಕಂಡು ಒಳಗೆ ಆಧಾರವಿಲ್ಲದ ಹುದುಲಾಗಿದೆ. ಕಂಚಿನ ಯುಗದ ಜನ ಕಟ್ಟಿದ ಕಲ್ಲುಗುಡಿಸಲುಗಳ ವರ್ತುಲಗಳೂ, ಪಾಳುಬಿದ್ದ ತವರದ ಗಣಿಗಳೂ ಅಲ್ಲಿವೆ. ನೆಪೋಲಿಯನ್ನನ ಯುದ್ಧಕಾಲದಲ್ಲಿ ಫ್ರೆಂಚ್ ಸೆರೆಯಾಳುಗಳಿಗಾಗಿ ೧೮೦೬ರಿಂದ ೧೮೦೯ರವರೆಗೆ ಕಟ್ಟಿದ ಪ್ರಿನ್ಸ್‌ಟೌನಿನ ಕಾರಾಗೃಹವು ೧೮೫೦ರಿಂದ ಘೋರಾಪರಾಧಿಗಳ ಸೆರೆಮನೆಯಾಯಿತು. (೨೦೨೪ರಲ್ಲಿ ಅಲ್ಲಿನ ಕೈದಿಗಳನ್ನು ಬೇರೆಡೆಗೆ ಸಾಗಿಸಬೇಕಾಗಿ ಬಂದದ್ದು ಆ ಗ್ರಾನೈಟ್ ನೆಲದಿಂದಲೇ ಹೊಮ್ಮುವ ರೇಡಾನ್ ಎಂಬ ಕಾಣದ ಅನಿಲದ ದೆಸೆಯಿಂದ. ಡಾಯ್ಲನಿಗೆ ಇದು ತಿಳಿದಿದ್ದರೆ ಇನ್ನೊಂದು ಕಥೆ ಬರೆಯುತ್ತಿದ್ದನೋ ಏನೋ!) ಹುದುಲು, ಬಂಡೆ, ಆದಿಮಾನವನ ಗುಡಿಸಲು, ಗಣಿ, ಸೆರೆಮನೆ ಇವಿಷ್ಟೂ ಅಲ್ಲಿ ಮೊದಲೇ ಇದ್ದುವು. ಡಾಯ್ಲನು ಇವುಗಳಲ್ಲಿ ಒಂದನ್ನೂ ಶೋಭೆಗಾಗಿ ಬಳಸದೆ ಪ್ರತಿಯೊಂದಕ್ಕೂ ಕಥೆಯಲ್ಲಿ ಕೆಲಸವನ್ನು ಕೊಟ್ಟದ್ದೇ ಅವನ ಹೆಚ್ಚಳ.

ಕಥೆಯ ಮೊದಲ ಸಾವನ್ನು ನೋಡಬಹುದು. ವೃದ್ಧನಾದ ಸರ್ ಚಾರ್ಲ್ಸ್ ಬ್ಯಾಸ್ಕರ್‌ವಿಲ್ಲನು ತನ್ನ ಮನೆಯ ಹಿಂದಿನ ಯೂ ಮರಗಳ ಓಣಿಯಲ್ಲಿ ಸತ್ತು ಬಿದ್ದಿದ್ದಾನೆ. ಈ ಓಣಿಯನ್ನು ಗ್ರಂಥಕಾರನು ಬಡಗಿಯಂತೆ ಅಳತೆ ಹಿಡಿದು ಕಟ್ಟಿದ್ದಾನೆ. ಎರಡು ಕಡೆಯೂ ಹನ್ನೆರಡು ಅಡಿ ಎತ್ತರದ, ನುಸುಳಲಾಗದ ಬೇಲಿ. ನಡುವೆ ಎಂಟು ಅಡಿ ಅಗಲದ ದಾರಿ. ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಬೇಸಗೆಯ ಮಂಟಪ. ನಡುವೆ ಬೀಳಿನ ಕಡೆಗೆ ತೆರೆಯುವ, ನಾಲ್ಕು ಅಡಿ ಎತ್ತರದ, ಬೀಗ ಹಾಕಿದ ಒಂದು ದಿಡ್ಡಿಬಾಗಿಲು. ಇಷ್ಟನ್ನು ಕೊಟ್ಟ ಮೇಲೆ ಕಥೆಯ ಅರ್ಧ ಭಾಗ ತನ್ನಷ್ಟಕ್ಕೆ ತಾನೇ ಬೆಳೆಯುವುದು. ಮುದುಕನಿಗೆ ರಾತ್ರಿಯ ಹೊತ್ತು ಬೀಳನ್ನು ಕಂಡರೆ ಅಂಜಿಕೆ. ಆದುದರಿಂದ ಅವನನ್ನು ಆ ದಿಡ್ಡಿಬಾಗಿಲಿಗೆ ಬರಿಸಲು ಒಂದು ಪತ್ರ ಬೇಕು. ಪತ್ರಕ್ಕೆ ಅದನ್ನು ಬರೆಯುವ ಒಬ್ಬ ದುಃಖಿತೆ ಬೇಕು. ಅವಳನ್ನು ಬರೆಯಿಸಲು ಒಬ್ಬ ವಂಚಕ ಬೇಕು. ಅವನು ಅಲ್ಲಿ ಹೊತ್ತು ಕಾದನೆಂಬುದಕ್ಕೆ ನೆಲಕ್ಕೆ ಎರಡು ಬಾರಿ ಉದುರಿದ ಚುಟ್ಟದ ಬೂದಿ ಸಾಕ್ಷಿ. ದಿಡ್ಡಿಬಾಗಿಲನ್ನು ದಾಟಿದ ಮೇಲೆ ಅವನ ಹೆಜ್ಜೆಗಳು ತುದಿಗಾಲಿನವಾಗಿ ತೋರುತ್ತವೆ. ಊರವರು ಅದನ್ನು ಕಳ್ಳನಡಗೆಯೆಂದು ಭಾವಿಸುತ್ತಾರೆ. ಹೋಮ್ಸನು ಅದು ಓಟವೆಂದು ಹೇಳುತ್ತಾನೆ. ಅವನು ಓಡಿದ್ದು ಮನೆಯ ಕಡೆಗಲ್ಲ, ಮನೆಗೆ ಬೆನ್ನು ಹಾಕಿ. ಬುದ್ಧಿ ಸ್ವಾಧೀನದಲ್ಲಿಲ್ಲದವನಲ್ಲದೆ ಯಾರೂ ಹಾಗೆ ಓಡರು. ಭಯವೇನೆಂಬುದನ್ನು ಇಲ್ಲಿ ಒಂದು ವಿಶೇಷಣದ ಸಹಾಯವೂ ಇಲ್ಲದೆ ದಿಕ್ಕಿನಿಂದಲೇ ತಿಳಿಸಿರುವುದು. ಹೃದಯ ನಡುಗಿತು, ರೋಮ ನಿಮಿರಿತು ಎಂದು ಪುಟ ತುಂಬಿಸುವ ಲೇಖಕರು ಈ ಓಣಿಯಲ್ಲಿ ಒಮ್ಮೆ ನಡೆದು ಬರುವುದು ಒಳ್ಳೆಯದು.

ಮೂರನೆಯ ಅಧ್ಯಾಯದಲ್ಲಿ ಸೂಕ್ಷ್ಮವಾದ ಒಂದು ಪ್ರಸಂಗವುಂಟು. ಹೋಮ್ಸನು ಲಂಡನ್ನಿನ ತನ್ನ ಕೊಠಡಿಯಲ್ಲಿ ಡಾರ್ಟ್‌ಮೂರಿನ ದೊಡ್ಡ ಭೂಪಟವೊಂದನ್ನು ಹರವಿಕೊಂಡು ದಿನವೆಲ್ಲ ಕುಳಿತಿರುವನು. ದೇಹವು ಕುರ್ಚಿಯಲ್ಲಿದ್ದರೂ ಆತ್ಮವು ಡೆವನ್ನಿನಲ್ಲಿ ಸಂಚರಿಸುತ್ತಿತ್ತೆಂದು ಅವನ ಹೇಳಿಕೆ. ಮನೆಗಳನ್ನೂ ಹೊಲಮನೆಗಳನ್ನೂ ಬೆರಳಿಟ್ಟು ತೋರಿಸುವನು. ಐದು ಮೈಲಿಯ ಸುತ್ತಳತೆಯಲ್ಲಿ ಚದರಿದ ಕೆಲವು ವಾಸಸ್ಥಾನಗಳು, ಹದಿನಾಲ್ಕು ಮೈಲಿ ದೂರದಲ್ಲಿ ಸೆರೆಮನೆ. ಆದರೆ ಆ ಕೊಠಡಿಯೊಳಕ್ಕೆ ಬಂದ ವಾಟ್ಸನ್ನನಿಗೆ ಎಲ್ಲಿಯೋ ಬೆಂಕಿ ಹತ್ತಿಕೊಂಡಂತೆ ತೋರುತ್ತದೆ. ಹೊಗೆಸೊಪ್ಪಿನ ಹೊಗೆಯಲ್ಲಿ ದೀಪವೇ ಮಸುಕಾಗಿದೆ. ಈ ಹೊಗೆಯನ್ನು ಹದಿನಾಲ್ಕನೆಯ ಅಧ್ಯಾಯದ ಮಂಜಿನೊಡನೆ ಇಟ್ಟು ನೋಡಿದವರಿಗೆ ಗ್ರಂಥದ ಹೃದಯವು ತಿಳಿಯುವುದು. ಒಂದು ಬುದ್ಧಿವಂತನು ತಾನೇ ಮಾಡಿಕೊಂಡದ್ದು. ಅದರೊಳಗೆ ಅವನಿಗೆ ಎಲ್ಲವೂ ಸ್ಪಷ್ಟ. ಇನ್ನೊಂದು ಹುದುಲಿನಿಂದ ಏಳುವುದು. ಅದರ ಮುಂದೆ ಅವನಿಗೆ ಏನೂ ಸ್ಪಷ್ಟವಿಲ್ಲ.

ಭೂಪಟದಲ್ಲಿ ಕಂಡ ನೆಲಕ್ಕೂ ಕಾಲಿನ ಕೆಳಗಿನ ನೆಲಕ್ಕೂ ಇರುವ ಈ ಅಂತರದಲ್ಲಿಯೇ ಕಥೆ ನಡೆಯುತ್ತದೆ. ಲಂಡನ್ನಿನ ಉಪಾಯಗಳು ಅಲ್ಲಿ ನಿಷ್ಫಲವಾಗುವುವು. ಬಟ್ಲರನಾದ ಬ್ಯಾರಿಮೋರನು ಮನೆಯಲ್ಲಿರುವನೋ ಇಲ್ಲವೋ ಎಂದು ಪರೀಕ್ಷಿಸಲು ಹೋಮ್ಸನು, ಅವನ ಕೈಗೇ ಕೊಡತಕ್ಕದ್ದೆಂದು ತಂತಿ ಕಳುಹಿಸುವನು. ಹಳ್ಳಿಯ ಅಂಚೆಯ ಹುಡುಗನು ಅದನ್ನು ಅವನ ಹೆಂಡತಿಯ ಕೈಗೆ ಕೊಟ್ಟು ಹೊರಟುಹೋಗುವನು. ಪಟ್ಟಣದ ಯಂತ್ರವು ಹಳ್ಳಿಯ ಸಲಿಗೆಯಲ್ಲಿ ಮುರಿದುಬೀಳುವ ಈ ಚಿಕ್ಕ ಸಂಗತಿಯಲ್ಲಿ ಎಷ್ಟೊಂದು ಸತ್ಯವಿದೆ! ಕೆನಡದಿಂದ ಬಂದ ಹೊಸ ವಾರಸುದಾರನಾದ ಸರ್ ಹೆನ್ರಿಯೂ ಮೊದಲ ಸಂಜೆಯೇ, ಆರು ತಿಂಗಳೊಳಗೆ ಮನೆಯ ಮುಂದೆ ಸಾಲಾಗಿ ವಿದ್ಯುದ್ದೀಪಗಳನ್ನು ನಿಲ್ಲಿಸುವೆನೆಂದು ಧೈರ್ಯ ಹೇಳಿಕೊಳ್ಳುವನು. ಆ ದೀಪಗಳು ಹೊತ್ತಿಕೊಂಡದ್ದನ್ನು ಕಥೆ ತೋರಿಸುವುದಿಲ್ಲ.

ಪಾತ್ರಗಳ ವಿಚಾರ. ಇವರಲ್ಲಿ ಯಾರಿಗೂ ದೊಡ್ಡ ಕಾದಂಬರಿಯ ಪಾತ್ರಗಳಿಗಿರುವ ಅಂತರಂಗವಿಲ್ಲವೆಂದು ಆಕ್ಷೇಪಿಸಬಹುದು, ಅದು ನಿಜ. ಆದರೆ ಒಬ್ಬೊಬ್ಬನೂ ಆ ನೆಲದೊಡನೆ ಇಟ್ಟುಕೊಂಡ ಸಂಬಂಧವೇ ಅವನ ಚರಿತ್ರೆಯಾಗಿದೆ. ಲಾಫ್ಟರ್ ಹಾಲಿನ ಫ್ರ್ಯಾಂಕ್‌ಲೆಂಡನಿಗೆ ನೆಲವೆಂದರೆ ವ್ಯಾಜ್ಯ. ಇಲ್ಲಿ ದಾರಿ ಬಿಡಿಸುವುದು, ಅಲ್ಲಿ ದಾರಿ ಮುಚ್ಚಿಸುವುದು, ಉಳಿದ ಹೊತ್ತು ಮಾಳಿಗೆಯ ಮೇಲಿನ ದೂರದರ್ಶಕದಿಂದ ಬೀಳನ್ನು ಅಳೆಯುವುದು. ಅಷ್ಟು ದೂರ ಕಾಣುವ ಕಣ್ಣಿಗೆ ಹತ್ತಿರದ ಊರಿನಲ್ಲಿ ಕಷ್ಟಪಡುತ್ತಿರುವ ಸ್ವಂತ ಮಗಳು ಕಾಣಳು. ಹಳ್ಳಿಯ ವೈದ್ಯನಾದ ಮಾರ್ಟಿಮರನಿಗೆ ನೆಲವೆಂದರೆ ಹಳೆಯ ತಲೆಬುರುಡೆಗಳ ಭಂಡಾರ. ಸೆರೆಯಿಂದ ತಪ್ಪಿಸಿಕೊಂಡ ಸೆಲ್ಡನ್ನನಿಗೆ ಅದು ಬಿಲ. ಸ್ಟೇಪಲ್‌ಟನ್ನನು ಚಿಟ್ಟೆಬಲೆಯನ್ನು ಹಿಡಿದು ಹುದುಲಿನ ದಿಬ್ಬದಿಂದ ದಿಬ್ಬಕ್ಕೆ ನೆಗೆಯುತ್ತಾ ಬರುವನು. ಬಂದು ಎರಡು ವರ್ಷ ಮಾತ್ರವಾಗಿದ್ದರೂ ತನ್ನಷ್ಟು ಆ ನೆಲವನ್ನು ಬಲ್ಲವರಿಲ್ಲವೆಂದು ಹೆಮ್ಮೆಪಡುವನು. ಅವನ ಮಾತಿನ ನಡುವೆಯೇ ಕುದುರೆಮರಿಯೊಂದು ಹುದುಲಿನಲ್ಲಿ ಸಿಕ್ಕಿ, ಕತ್ತನ್ನು ಮೇಲೆತ್ತಿ ಒದ್ದಾಡಿ, ಕಿರಿಚಿ ಮುಳುಗುತ್ತದೆ. ಕೊಲೆಗಾರನು ಯಾರೆಂದು ವಾಚಕನಿಗೆ ಆಗ ತಿಳಿದಿಲ್ಲ. ಆದರೂ ಆ ಸಾವನ್ನು ನೋಡಿ ವಾಟ್ಸನ್ನನ ಮೈ ತಣ್ಣಗಾದಾಗ ಸ್ಟೇಪಲ್‌ಟನ್ನನು ಲೆಕ್ಕದ ಮಾತನ್ನಾಡುವುದನ್ನು ಕೇಳಿದವನು, ಅವನನ್ನು ಪೂರ್ತಿಯಾಗಿ ನಂಬಲಾರನು.

ಹೋಮ್ಸನಾದರೋ ಗ್ರಂಥದ ನಡುಭಾಗದಲ್ಲಿ ಹಲವು ಅಧ್ಯಾಯಗಳವರೆಗೆ ಕಾಣಿಸುವುದೇ ಇಲ್ಲ. ಜನಪ್ರಿಯ ನಾಯಕನನ್ನು ಹೀಗೆ ಮರೆಮಾಡುವುದು ಧೈರ್ಯದ ಕೆಲಸ. ಆ ತೆರವಾದ ಸ್ಥಾನದಲ್ಲಿ ಬೀಳುಭೂಮಿ ಬಂದು ಕೂರುತ್ತದೆ. ವಾಟ್ಸನ್ನನ ಕಾಗದಗಳಲ್ಲಿ ಮೊದಲು ಸಂಗತಿಗಳು ಹೆಚ್ಚು, ಬರಬರುತ್ತ ಮಳೆ ಗಾಳಿಗಳು ಹೆಚ್ಚು. ಒಂದು ರಾತ್ರಿ ಚಂದ್ರನಿಗೆ ಎದುರಾಗಿ ಬಂಡೆಯ ನೆತ್ತಿಯ ಮೇಲೆ ಒಬ್ಬ ಮನುಷ್ಯನ ಆಕೃತಿ ನಿಂತಿರುತ್ತದೆ; ಅದು ಆ ನೆಲದ ಅಧಿದೇವತೆಯೋ ಎಂಬಂತೆ ಅವನಿಗೆ ತೋರುತ್ತದೆ. ಕಡೆಗೆ ತಿಳಿಯುವುದೇನೆಂದರೆ ಆ ಆಕೃತಿ ಹೋಮ್ಸನೇ. ಅವನು ಆದಿಮಾನವನ ಕಲ್ಲುಗುಡಿಸಲೊಂದರಲ್ಲಿ ಕಂಬಳಿ ಹೊದ್ದು, ಡಬ್ಬಿಯ ಆಹಾರವನ್ನು ತಿಂದು ವಾಸಮಾಡುತ್ತಿದ್ದನು. ವಿಚಾರಶಕ್ತಿಯ ಪ್ರತಿನಿಧಿಯೇ ಅಲ್ಲಿಗೆ ಬಂದು ಸಾವಿರಾರು ವರ್ಷ ಹಿಂದಿನವರ ಮನೆಯಲ್ಲಿ ಮಲಗಬೇಕಾಯಿತು. ಅಲ್ಲಿಯೂ ಅವನ ಗಲ್ಲ ನುಣ್ಣಗೆ ಕ್ಷೌರವಾಗಿತ್ತೆಂದು ಡಾಯ್ಲನು ಹೇಳಲು ಮರೆತಿಲ್ಲ. ಅಷ್ಟರಮಟ್ಟಿಗೆ ಮಾತ್ರ ಲಂಡನ್ನಿಗೆ ಜಯ.

ಮೂಢನಂಬಿಕೆಗೂ ವಿಚಾರಕ್ಕೂ ನಡೆಯುವ ಹೋರಾಟವೇ ಈ ಕಥೆಯ ವಸ್ತುವೆಂದೂ ವಿಚಾರವು ಗೆದ್ದಿತೆಂದೂ ಸಾಮಾನ್ಯವಾಗಿ ಹೇಳುವರು. ಗ್ರಂಥವನ್ನು ನಿಧಾನವಾಗಿ ಓದಿದರೆ ಹೀಗೆ ತೀರ್ಮಾನಿಸುವುದು ಕಷ್ಟ. ಬೀಳಿನ ಮೇಲೆ ಹಬ್ಬುವ ಊಳನ್ನು ಕೇಳಿ ಹಳ್ಳಿಯವರು ದೆವ್ವದ ನಾಯಿಯೆನ್ನುವರು. ಸ್ಟೇಪಲ್‌ಟನ್ನನು ವಿಜ್ಞಾನಿಯ ಗಾಂಭೀರ್ಯದಿಂದ, ಕೆಸರು ತಳವೂರುವಾಗ ನೀರು ಮೇಲೇಳುವಾಗ ಹುದುಲುಗಳು ವಿಚಿತ್ರ ಶಬ್ದ ಮಾಡುವುವೆಂದೂ, ನಿರ್ವಂಶವಾಗುತ್ತಿರುವ ಒಂದು ಜಾತಿಯ ಹಕ್ಕಿಯ ಕೂಗಾಗಿರಬಹುದೆಂದೂ ವಿವರಿಸುವನು. ಇಲ್ಲಿ ವಿಚಾರದ ಭಾಷೆಯನ್ನಾಡುವವನು ಸುಳ್ಳುಗಾರ. ನಾಯಿಯೆಂದ ಮೂಢರ ಮಾತೇ ವಾಸ್ತವಕ್ಕೆ ಸಮೀಪ. ನಾಯಿ ಇದ್ದೇ ಇತ್ತು. ದೆವ್ವಕ್ಕೂ ವಿಜ್ಞಾನಕ್ಕೂ ಸಮಾನವಾಗಿ ಆಶ್ರಯ ಕೊಡಬಲ್ಲ ಸ್ಥಳವೊಂದು ದೊರೆತದ್ದರಿಂದಲೇ ಈ ಸೊಗಸಾದ ತೊಡಕು ಸಾಧ್ಯವಾಯಿತು.

ಹದಿನಾಲ್ಕನೆಯ ಅಧ್ಯಾಯದ ರಾತ್ರಿ ಹೋಮ್ಸ್, ವಾಟ್ಸನ್, ಪೋಲೀಸಿನ ಲೆಸ್ಟ್ರೇಡ್ ಮೂವರೂ ಸ್ಟೇಪಲ್‌ಟನ್ನನ ಮನೆಯ ಬಳಿ ಬಂಡೆಗಳ ಮರೆಯಲ್ಲಿ ಹೊಂಚಿರುವರು. ಒಳಗೆ ಊಟ ಮಾಡುತ್ತಿರುವ ಸರ್ ಹೆನ್ರಿ ಹೊರಗೆ ಬಂದು ಬೀಳನ್ನು ದಾಟಿ ಹೋಗಬೇಕು. ಅವನೇ ಬಲೆಯ ಎರೆ. ಅಷ್ಟರಲ್ಲಿ ಹುದುಲಿನ ಮೇಲಿನಿಂದ ಮಂಜಿನ ಗೋಡೆಯೊಂದು ಮೆಲ್ಲಗೆ ಮನೆಯ ಕಡೆಗೆ ಸರಿಯುತ್ತ ಬರುತ್ತದೆ. ತನ್ನ ಉಪಾಯವನ್ನು ಕೆಡಿಸಬಲ್ಲ ವಸ್ತು ಜಗತ್ತಿನಲ್ಲಿ ಅದೊಂದೇ ಎಂದು ಹೋಮ್ಸನು ತಾಳ್ಮೆಗೆಡುವನು. ಮಂಜು ತೋಟವನ್ನು ನುಂಗುತ್ತದೆ, ಮನೆಯ ಮೂಲೆಗಳನ್ನು ಸುತ್ತುತ್ತದೆ. ಹೊಂಚಿದವರು ಅರ್ಧ ಮೈಲಿಯಷ್ಟು ಹಿಂದೆ ಸರಿಯಬೇಕಾಗುತ್ತದೆ. ಇಲ್ಲಿ ಯಾರೂ ಯಾರನ್ನೂ ಅಟ್ಟಿಸಿಕೊಂಡು ಬರುತ್ತಿಲ್ಲ, ಆಯುಧವಿಲ್ಲ, ಕೂಗಿಲ್ಲ. ಬಿಳಿಯ ಆವಿಯೊಂದು ನಡೆದು ಬರುತ್ತಿದೆ, ಮೂವರು ಗಂಡಸರು ಹಿಂದಕ್ಕೆ ಹೆಜ್ಜೆಯಿಡುತ್ತಿದ್ದಾರೆ. ಗ್ರಂಥದಲ್ಲೆಲ್ಲ ಉಸಿರು ಕಟ್ಟಿಸುವ ಪುಟಗಳು ಇವೇ. ನಾಯಿ ಹೊರಬಿದ್ದ ಮೇಲೆ, ಸತ್ಯವನ್ನು ಹೇಳುವುದಾದರೆ, ಭೀತಿಯು ಇಳಿಯತೊಡಗುತ್ತದೆ. ಅದರ ಬಾಯಿಗೆ ರಂಜಕ ಬಳಿದಿದ್ದರೆಂಬ ವಿವರಣೆಯಂತೂ ದುರ್ಬಲವಾದದ್ದು. ರಂಜಕವನ್ನು ಬಳಿದರೆ ನಾಯಿಗೆ ಸುಡುವುದು, ನೆಕ್ಕಿದರೆ ವಿಷವೇರುವುದು. ಓದುವಾಗ ಯಾರೂ ಈ ಪ್ರಶ್ನೆಯನ್ನು ಕೇಳುವುದಿಲ್ಲವೆಂದರೆ ಅದು ನಾಯಿಯ ಮಹಿಮೆಯಲ್ಲ, ಅದು ಯಾವುದರೊಳಗಿಂದ ಹೊರಬಿದ್ದಿತೋ ಆ ಮಂಜಿನ ಮಹಿಮೆ.

ಹೋಮ್ಸನ ಗುಂಡುಗಳು ನಾಯಿಯನ್ನು ಕೊಲ್ಲುತ್ತವೆ. ನಾಯಿಯ ಒಡೆಯನನ್ನು ಕೊಂದವರಾರು? ಹುದುಲಿನ ನಡುವಣ ದ್ವೀಪದಂಥ ನೆಲದಲ್ಲಿ, ಪಾಳು ಗಣಿಯ ಬಳಿ ಸ್ಟೇಪಲ್‌ಟನ್ನನ ಗುಪ್ತಸ್ಥಾನ. ಅಲ್ಲಿಗೆ ಹೋಗುವ ದಾರಿಯನ್ನು ಅವನೂ ಅವನ ಹೆಂಡತಿಯೂ ಕೋಲುಗಳನ್ನು ನೆಟ್ಟು ಗುರುತಿಸಿದ್ದರು. ಅವನು ಅಲ್ಲಿಗೆ ಓಡುವನು; ಮಂಜಿನಲ್ಲಿ ಕೋಲುಗಳು ಕಾಣಿಸುವಂತಿಲ್ಲ. ಒಂದು ಗಂಟೆಯ ಹಿಂದೆ ಅವನ ಕೊಲೆಯ ತಂತ್ರವನ್ನು ಉಳಿಸಿಕೊಡುತ್ತಿದ್ದ ಮಂಜೇ ಈಗ ಅವನಿಗೆ ದಾರಿಯನ್ನು ಅಳಿಸಿಹಾಕುತ್ತದೆ. ಮಾರನೆಯ ದಿನ ಬೆಳಗ್ಗೆ ಹೋಮ್ಸನಿಗೆ ದೊರೆಯುವುದು ಸರ್ ಹೆನ್ರಿಯ ಕಳುವಾದ ಒಂದು ಬೂಟು ಮಾತ್ರ. ಶವವಿಲ್ಲ, ಸೆರೆಯಿಲ್ಲ, ನ್ಯಾಯಸ್ಥಾನವಿಲ್ಲ. ಅಪರಾಧಿಯು ಸತ್ತನೆಂಬುದು ಕೂಡ ಊಹೆ. ದಾರಿಯನ್ನು ತೋರಿಸಿದವಳು ಅವನ ಹೆಂಡತಿ. ತಂಗಿಯ ವೇಷದಲ್ಲಿ ಎರಡು ವರ್ಷ ಆ ನೆಲದಲ್ಲಿ ಸೆರೆಯಿದ್ದು, ಕಡೆಯ ರಾತ್ರಿ ಕಂಬಕ್ಕೆ ಕಟ್ಟಿಹಾಕಿಸಿಕೊಂಡು ಏಟು ತಿಂದವಳು, ಹುದುಲಿನ ದಾರಿಯನ್ನು ತೋರಿಸುವಾಗ ಉತ್ಸಾಹದಿಂದಿದ್ದಳೆಂಬ ಒಂದು ಮಾತಿನಲ್ಲಿ ಇಡೀ ಕಥೆಯ ಕ್ರೌರ್ಯವೂ ಬಿಡುಗಡೆಯೂ ಅಡಗಿವೆ.

ನಿಜವಾದ ಡಾರ್ಟ್‌ಮೂರಿನಲ್ಲಿ ಗ್ರಿಂಪನ್ ಎಂಬ ಹುದುಲಿಲ್ಲ; ಪ್ರಿನ್ಸ್‌ಟೌನಿನ ಸಮೀಪದ ಫಾಕ್ಸ್ ಟಾರ್ ಹುದುಲನ್ನು ಡಾಯ್ಲನು ಹಿಗ್ಗಿಸಿ ಭಯಂಕರವಾಗಿ ಮಾಡಿದನೆಂದು ಬಲ್ಲವರ ಎಣಿಕೆ. ಇದನ್ನು ದೋಷವೆನ್ನಲಾಗದು. ಭೂಗೋಳದ ಪುಸ್ತಕಕ್ಕೆ ಅಳತೆಯಲ್ಲಿ ನಿಷ್ಠೆಯಿರಬೇಕು, ಕಥೆಗೆ ಸ್ವಭಾವದಲ್ಲಿ. ಮೇಲೆ ಹಸುರಾಗಿ ಒಳಗೆ ಪೊಳ್ಳಾಗಿರುವುದು ಆ ನೆಲದ ನಿಜವಾದ ಸ್ವಭಾವ.

ಈ ವಾದಕ್ಕೆ ನಮ್ಮ ದೇಶದಿಂದಲೇ ಒಂದು ಪ್ರಬಲ ಸಾಕ್ಷ್ಯ ದೊರೆಯುತ್ತದೆ. ಈ ಕಥೆಯ ಛಾಯೆಯನ್ನು ಹಿಡಿದು ಬಂಗಾಳಿಯಲ್ಲಿ ೧೯೫೧ರಲ್ಲಿ ‘ಜಿಘಾಂಸಾ’ ಎಂಬ ಚಲಚ್ಚಿತ್ರವೂ, ಹಿಂದಿಯಲ್ಲಿ ೧೯೬೨ರಲ್ಲಿ ‘ಬೀಸ್ ಸಾಲ್ ಬಾದ್’ ಎಂಬುದೂ ಬಂದುವು. ಹಿಂದಿಯ ಚಿತ್ರದಲ್ಲಿ ಷೆರ್ಲಾಕ್ ಹೋಮ್ಸನಿಲ್ಲ. ನಾಯಿಯೂ ಇಲ್ಲ, ಅದರ ಸ್ಥಾನದಲ್ಲಿ ಸೇಡಿಗಾಗಿ ಅಲೆಯುವ ಹೆಣ್ಣಿನ ಪ್ರೇತದ ವದಂತಿಯುಂಟು. ಪತ್ತೇದಾರನನ್ನು ಬಿಟ್ಟರು, ಹೆಸರಿಗೆ ಕಾರಣವಾದ ಮೃಗವನ್ನೇ ಬಿಟ್ಟರು. ಒಂಟಿ ಹವೇಲಿಯನ್ನೂ ಅದರ ಸುತ್ತಣ ಹುದುಲನ್ನೂ ಮಾತ್ರ ಬಿಡಲಿಲ್ಲ. ಇಂಗ್ಲಿಷ್ ಕಥೆಗಳಿಂದ ತಂತ್ರವನ್ನು ಮಾತ್ರ ಎರವಲು ತಂದು, ಘಟನೆಗಳನ್ನು ಯಾವುದೋ ಒಂದು ಬಂಗಲೆಯಲ್ಲಿ ನಡೆಯಿಸಿಬಿಡುವ ನಮ್ಮ ಲೇಖಕರು ಗಮನಿಸಬೇಕಾದ ಸಂಗತಿ ಇದು. ಬಂಗಲೆ ಯಾವ ಊರಿನದು, ಅದರ ಹಿತ್ತಿಲಿನ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಮಳೆಗಾಲದಲ್ಲಿ ಅಲ್ಲಿನ ಹಳ್ಳ ಎಷ್ಟು ಮೇಲೇರುತ್ತದೆ ಎಂದು ಕೇಳಿದರೆ ಅವರಲ್ಲಿ ಬಹುಮಂದಿಗೆ ಉತ್ತರ ತಿಳಿಯದು. ಘಟ್ಟದ ಕಾಡುದಾರಿಗಳೂ ಕರಾವಳಿಯ ಅಳಿವೆಗಳೂ ಬಯಲುಸೀಮೆಯ ಪಾಳುಕೋಟೆಗಳೂ ಇರುವ ನಾಡಿನಲ್ಲಿ ಇದು ಸಾಮಗ್ರಿಯ ಬಡತನವಲ್ಲ.

ಡಾಯ್ಲನ ಗ್ರಂಥದಲ್ಲಿ ಅತ್ಯಂತ ಸಪ್ಪೆಯಾದ ಭಾಗವೆಂದರೆ ಕಡೆಯ ಅಧ್ಯಾಯ. ನವೆಂಬರ್ ತಿಂಗಳ ಕಡೆಯಲ್ಲಿ, ಲಂಡನ್ನಿನ ಕೊಠಡಿಯಲ್ಲಿ, ಉರಿಯುವ ಅಗ್ಗಿಷ್ಟಿಕೆಯ ಎರಡು ಕಡೆ ಕುಳಿತು ಹೋಮ್ಸನು ವಾಟ್ಸನ್ನನಿಗೆ ಎಲ್ಲವನ್ನೂ ಬಿಡಿಸಿ ಹೇಳುವನು. ಕಿಟಕಿಯ ಹೊರಗೆ ಅಲ್ಲಿಯೂ ಮಂಜು ಕವಿದಿದೆ. ಆದರೆ ಅದು ಯಾರನ್ನೂ ನುಂಗಲಾರದ ಮಂಜು. ಬೇರೆ ಹೆಸರಿನಿಂದ ನೆರೆಯಲ್ಲಿಯೇ ವಾಸಮಾಡುತ್ತಿದ್ದವನು, ಗೆದ್ದಿದ್ದರೆ, ತಾನೇ ವಾರಸುದಾರನೆಂದು ಹೇಗೆ ಮುಂದೆ ಬರುತ್ತಿದ್ದನೆಂದು ವಾಟ್ಸನ್ನನು ಕೇಳುವನು. ಹೋಮ್ಸನು, ಮನುಷ್ಯನು ಮುಂದೆ ಏನು ಮಾಡುತ್ತಿದ್ದನೆಂಬುದು ಕಷ್ಟವಾದ ಪ್ರಶ್ನೆಯೆಂದು ಜಾರಿಕೊಂಡು, ಆ ಹೆಂಡತಿಯ ಬಾಯಿಂದ ಕೇಳಿದ ಮೂರು ಉಪಾಯಗಳನ್ನು ಎಣಿಸುವನು. ಮೂರರಲ್ಲಿ ಒಂದೂ ನಂಬಿಕೆ ಹುಟ್ಟಿಸುವುದಿಲ್ಲ. ಡಾರ್ಟ್‌ಮೂರಿನಲ್ಲಿದ್ದಷ್ಟು ಹೊತ್ತು ಈ ಪ್ರಶ್ನೆಯನ್ನು ವಾಟ್ಸನ್ನನೂ ಕೇಳಲಿಲ್ಲ, ವಾಚಕನೂ ಕೇಳಲಿಲ್ಲ. ಲಂಡನ್ನಿಗೆ ಬಂದೊಡನೆ ಅದು ತಾನಾಗಿ ಬಾಯಿಗೆ ಬಂತು. ಹೋಮ್ಸನು ಮಾತನ್ನು ಅಲ್ಲಿಗೆ ನಿಲ್ಲಿಸಿ, ಸಂಗೀತನಾಟಕಕ್ಕೆ ಹೊತ್ತಾಯಿತೆಂದು ಏಳುತ್ತಾನೆ.